ಗುಜರಿಯ ಬಿಳುಪು

ಜಿಲಿಯೋಲಿ ಹುರಿದ ಹಕ್ಕಿಯ ತಲೆಯನ್ನು ಇಡಿಯಾಗಿ ಬಾಯಿಗಿಟ್ಟು ಕಟಕ್ಕನೆ ಕಡಿದಾಗ ಓರ್ನೆಲ್ಲಾ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಎತ್ತಿದ್ದರೆ ಅವನ ತುಟಿಯ ಕೊನೆಯಿಂದ ಗಲ್ಲಕ್ಕೆ ಇಳಿಯುತ್ತಿದ್ದ ಬೆಣ್ಣೆಯನ್ನು ನೋಡಬೇಕಾಗುತ್ತಿತ್ತು. ಇಟಲಿಯ ಇಜೇಯೋ ಸರೋವರದ ದಡದಲ್ಲೇ ಹುಟ್ಟಿ ಬೆಳೆದವಳು ಅವಳು. ಬೇಟೆಯ ಕಾಲ ಬಂತೆಂದರೆ ಬೆಣ್ಣೆಯಲ್ಲಿ ಹುರಿದ ಪುಟ್ಟ ಹಕ್ಕಿ, ಪಕ್ಕದಲ್ಲಿ ಬಿಸಿ ಪೊಲೆಂಟಾ, ಮುಸುಕಿನ ಜೋಳದ ಮುದ್ದೆ. ಅವಳಪ್ಪನೂ ತಿಂದವನೇ, ಅವಳೂ ತಿಂದವಳೇ. ಹೇಸಿಗೆ ಎನಿಸಿದ್ದು ಹಕ್ಕಿಯಲ್ಲ. ಈ ಮನುಷ್ಯ ಎಲುಬನ್ನು ಚೀಪುತ್ತ, ಚೀಪುತ್ತಲೇ ವ್ಯಾಪಾರದ ಮಾತಾಡುತ್ತ, ಬೆರಳನ್ನು ಒಂದೊಂದಾಗಿ ನೆಕ್ಕಿ ಅದೇ ಬೆರಳಿಂದ ಅವಳ ಮುಂಗೈ ತಟ್ಟುತ್ತಿದ್ದನಲ್ಲ, ಅದು.

"ಅಪ್ಪಟ ಮಾಲು ಸಿನ್ಯೋರಾ. ಯಾರ ಕೈಯೂ ಸೋಕಿಲ್ಲ. ಕನ್ಯೆ ಅಂದ್ರೆ ಕನ್ಯೆ" ಎಂದ ಜಿಲಿಯೋಲಿ.

"ನಿನ್ನ ಬಾಯಲ್ಲಿ ಆ ಮಾತು ಕೇಳಿದ್ರೆ ನಿಜವಾದ ಕನ್ಯೆಯರು ಊರು ಬಿಟ್ಟು ಓಡಿಹೋಗ್ತಾರೆ" ಎಂದು ಫೆರ್ಮೊ ಮೇಜು ಕುಟ್ಟಿ ನಕ್ಕ.

ಫೆರ್ಮೊ ಪ್ಲೆಬಾನಿ ಓರ್ನೆಲ್ಲಾಳ ಅಕ್ಕ ಫ್ಲಾವಿಯಾಳ ಗಂಡ. ಅವಳ ಯಜಮಾನನೂ ಅವನೇ. ಸರೋವರದ ಕೆಳಗಿನ ಈ ಊರುಗಳಲ್ಲಿ ಮನೆಗೊಂದು ಕಾರ್ಖಾನೆ; ಎಲ್ಲರೂ ಮಾಡುವುದು ಸೋರಿಕೆ ತಡೆಯುವ ಸೀಲು, ವಾಷರು, ಗ್ಯಾಸ್ಕೆಟ್ಟುಗಳನ್ನೇ. ಫೆರ್ಮೊನದು ಬಿಳಿ ಉಂಗುರಗಳ ಕಾರ್ಖಾನೆ. ಎಳೆಮಕ್ಕಳ ಹಾಲನ್ನು ಪೊಟ್ಟಣಕ್ಕೆ ತುಂಬುವ ಯಂತ್ರಗಳ ಕವಾಟದಲ್ಲಿ ಕೂರುವ ಉಂಗುರ. ಅದನ್ನು ಮಾಡುವುದು ಫ್ಲೋರೋಪಾಲಿಮರ್ ಎಂಬ ರೆಸಿನ್ನಿಂದ. ಅಂಟು ತಾಗದ ಬಾಣಲೆಗೆ ಬಳಿಯುತ್ತಾರಲ್ಲ, ಆ ಜಾತಿಯ ವಸ್ತು. ಮೈದಾದಂಥ ಪುಡಿಯಾಗಿ ಬರುತ್ತದೆ. ಅಚ್ಚಿಗೆ ಹಾಕಿ ಒತ್ತಿ, ಓವನ್ನಿನಲ್ಲಿ ಬೇಯಿಸಿ, ಲೇತಿನಲ್ಲಿ ಕೊರೆದರೆ ಉಂಗುರ. ಆಸಿಡ್ಡಿಗೂ ಜಗ್ಗದು, ಕುದಿನೀರಿಗೂ ಜಗ್ಗದು. ಯಾವ ಪುಡಿ ಯಾವ ಕೆಲಸಕ್ಕೆ, ಯಾರ ಹತ್ತಿರ ಕೊಳ್ಳಬೇಕು ಎಂದು ತೀರ್ಮಾನಿಸುವುದು ಓರ್ನೆಲ್ಲಾಳ ಕೆಲಸ. ಗಂಡ ಸತ್ತ ವರ್ಷ ಫೆರ್ಮೊ ಅವಳಿಗೆ ಆ ಕುರ್ಚಿ ಕೊಟ್ಟಿದ್ದ. ಆ ಉಪಕಾರವನ್ನು ಅವನು ತಾನೂ ಮರೆತಿರಲಿಲ್ಲ, ಊರಿಗೂ ಮರೆಯಲು ಬಿಟ್ಟಿರಲಿಲ್ಲ.

ಆ ವರ್ಷ ಅವರಿಗೆ ರೆಸಿನ್ ಕೊಡುತ್ತಿದ್ದ ದೊಡ್ಡ ಕಂಪನಿ ಆ ಜಾತಿಯ ಪುಡಿಯನ್ನೇ ನಿಲ್ಲಿಸಿತ್ತು. ಕಾಯಿದೆ ಬಿಗಿಯಾಗುತ್ತಿತ್ತು, ಒಬ್ಬೊಬ್ಬರೇ ಕೈತೊಳೆದುಕೊಳ್ಳುತ್ತಿದ್ದರು. ಉಳಿದವರನ್ನು ಓರ್ನೆಲ್ಲಾ ಕೇಳಿದಳು. ಕಾರಿನವರಿಗೂ ಕಂಪ್ಯೂಟರ್ ಚಿಪ್ಪಿನವರಿಗೂ ಕೊಟ್ಟು ಮಿಕ್ಕರೆ ನೋಡೋಣ ಎಂದರು. ಅಂಥ ಹೊತ್ತಿಗೆ ಫೆರ್ಮೊ ತನ್ನ ಬೇಟೆಯ ಗೆಳೆಯ ಜಿಲಿಯೋಲಿಯನ್ನು ಭಾನುವಾರದ ಊಟಕ್ಕೆ ಕರೆದಿದ್ದ.

"ಎಲ್ಲಿ ತಯಾರಾಗೋದು ಇದು?" ಓರ್ನೆಲ್ಲಾ ಕೇಳಿದಳು.

"ದೂರ."

"ದೂರ ಅನ್ನೋದು ಊರಿನ ಹೆಸರಾ?"

ಜಿಲಿಯೋಲಿ ಹಲ್ಲಿನ ಸಂದಿಯಿಂದ ಒಂದು ಎಲುಬಿನ ಚೂರು ತೆಗೆದು ತಟ್ಟೆಯ ಅಂಚಿಗೆ ಒರೆಸಿದ. "ಫೆರ್ಮೊ, ನಿನ್ನ ನಾದಿನಿ ಮದುವೆ ಗಂಡಿನ ಗೋತ್ರ ಕೇಳೋ ಥರ ಕೇಳ್ತಾಳಲ್ಲೋ! ಮಾಲು ಬೆಳ್ಳಗಿದೆ. ಅಷ್ಟು ಸಾಲದಾ?"

ಸಾಲದು ಎಂದು ಅವಳಿಗೆ ಗೊತ್ತಿತ್ತು. ಮರುದಿನ ಅವನು ಲಾರಿಯಲ್ಲಿ ಕಳಿಸಿದ ಮಾದರಿ ಪುಡಿಯನ್ನು ಒತ್ತಿಸಿ ಬೇಯಿಸಿದಳು. ಓವನ್ನಿನ ಬಾಗಿಲು ತೆಗೆದಾಗ ಒಳಗಿಂದ ಬಂದ ನಾತಕ್ಕೆ ಅವಳು ಹಿಂದೆ ಸರಿದಳು. ಒಳ್ಳೆಯ ಪುಡಿ ಬೆಂದರೆ ನಾತವೇ ಇರುವುದಿಲ್ಲ. ಇದು ಕೂದಲು ಸುಟ್ಟಂತೆ, ಅದರ ಮೇಲೆ ಯಾರೋ ಔಷಧಿ ಸುರಿದಂತೆ ಇತ್ತು. ಉಂಗುರ ದೂರಕ್ಕೆ ಬೆಳ್ಳಗೇ ಕಂಡಿತು. ಕಿಟಕಿಯ ಬೆಳಕಿಗೆ ಹಿಡಿದಾಗ ಒಳಗೆ ಕಂದು ನರಗಳು, ಹೇನಿನಂಥ ಕರಿಚುಕ್ಕೆಗಳು. ಉಗುರಿನಿಂದ ಒಂದು ಚುಕ್ಕೆಯನ್ನು ಕೆರೆದಳು. ಅದು ಪುಡಿಯಾಗಿ ಉದುರಿತು. ಕೈ ಎಷ್ಟು ತೊಳೆದರೂ ಉಗುರಿನೊಳಗೆ ಆ ನಾತ ಉಳಿದಂತೆ ಅನಿಸಿ ಆ ಮಧ್ಯಾಹ್ನ ಬ್ರೆಡ್ಡನ್ನು ಕಾಗದದಲ್ಲಿ ಹಿಡಿದು ತಿಂದಳು.

"ಇದು ಬೇಡ. ಇದು ಹೊಸ ಮಾಲಲ್ಲ, ಗುಜರಿ" ಎಂದು ಫೆರ್ಮೊನಿಗೆ ಹೇಳಿದಳು.

"ಸರಿ, ಬೇಡ ಅಂದ್ರೆ ಬೇಡ" ಎಂದ ಫೆರ್ಮೊ. ಅಷ್ಟು ಸಲೀಸಾಗಿ ಅವನು ಯಾವತ್ತೂ ಒಪ್ಪಿದವನಲ್ಲ. ಅದೇ ಅವಳ ಮನಸ್ಸಿಗೆ ಚುಚ್ಚಿತು.

ಮಾದರಿ ತಂದಿದ್ದ ಲಾರಿಯವನನ್ನು ಅವಳು ಬಲ್ಲಳು. ಎಲ್ಲಿಂದ ತುಂಬಿಸಿದೆ ಎಂದರೆ ಅವನು ಮುಚ್ಚುಮರೆಯಿಲ್ಲದೆ ಹೇಳಿದ. ಮುಚ್ಚಿಡಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಮುಂದಿನ ಬಿಡುವಿನ ದಿನ ಅವಳು ಕಾರು ಹತ್ತಿ ದಕ್ಷಿಣಕ್ಕೆ, ಬಯಲುಸೀಮೆಗೆ ಇಳಿದಳು. ಮಂಜು ನೆಲಕ್ಕೆ ಒರಗಿತ್ತು. ರಸ್ತೆಯ ಎರಡೂ ಕಡೆ ಹಂದಿ ಫಾರಮ್ಮುಗಳು; ಕಿಟಕಿ ಏರಿಸಿದ್ದರೂ ಗೊಬ್ಬರದ ವಾಸನೆ ಕಾರೊಳಗೆ ಕೂತೇ ಬಂತು. ಆ ಫಾರಮ್ಮುಗಳ ನಡುವೆ, ಹೆಸರಿನ ಹಲಗೆಯಿಲ್ಲದ ಒಂದು ಶೆಡ್ಡು.

ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕಾಲಿಟ್ಟವಳು ಹಾಗೇ ನಿಂತಳು. ನೆಲದಿಂದ ಎದೆಯೆತ್ತರಕ್ಕೆ ರಾಶಿ ಬಿದ್ದಿತ್ತು. ಲೇತಿನ ಸುರುಳಿ ಚೂರು, ಹರಿದ ಸೀಲು, ಕೀಟನಾಶಕದ ಕಾರ್ಖಾನೆಗಳ ಕೊಳವೆಯೊಳಗಿಂದ ಕಿತ್ತ ಅಸ್ತರು. ಕೆಲವಕ್ಕೆ ಹಳದಿ ಹಕ್ಕಳೆ ಕಟ್ಟಿತ್ತು, ಮಾಗದ ಗಾಯದ ಮೇಲಿನ ಹಾಗೆ. ಕೆಲವಕ್ಕೆ ಚರ್ಮ ಹದಮಾಡುವಲ್ಲಿನ ಹಸಿರು ಕೆಸರು ಮೆತ್ತಿ ಒಣಗಿತ್ತು. ಇಲಿಗಳು ಅಲ್ಲಲ್ಲಿ ಹಿಕ್ಕೆ ಹಾಕಿದ್ದವು. ಆಚೆ ಮೂಲೆಯಲ್ಲಿ ತೊಟ್ಟಿಗಳು. ಆಸಿಡ್ಡಿನ ಹಬೆ ಕಣ್ಣಿಗೆ ಹೊಡೆಯಿತು. ರಾಶಿಯಲ್ಲಿದ್ದದ್ದೇ ಆ ತೊಟ್ಟಿಯಲ್ಲಿ ಬೆಂದು, ಗಿರಣಿಯಲ್ಲಿ ಅರೆದು, ಈಚೆ ಮೂಲೆಯಲ್ಲಿ ಹಾಲಿನಂತೆ ಬೆಳ್ಳಗಾಗಿ ಹೊಸ ಚೀಲಗಳಿಗೆ ಬೀಳುತ್ತಿತ್ತು.

ಗಿರಣಿಯ ಹತ್ತಿರ ಒಬ್ಬ ಪಂಜಾಬಿ ನಿಂತಿದ್ದ. ಪೇಟ, ಗಡ್ಡ, ಹುಬ್ಬು ಎಲ್ಲಕ್ಕೂ ಬಿಳಿ ಪುಡಿ. ಆ ಸೀಮೆಯ ಹಸುಗಳ ಹಾಲು ಕರೆಯುವವರು ಅರ್ಧಕ್ಕರ್ಧ ಪಂಜಾಬಿಗಳೇ, ಅವಳಿಗದು ಹೊಸದಲ್ಲ. ಹೆಸರು ಕೇಳಿದಳು. ಜಸ್ವಿಂದರ್ ಎಂದ. ಹೇಳುವಷ್ಟರಲ್ಲಿ ಎರಡು ಸಲ ಕೆಮ್ಮಿದ.

"ಮೈ ಸರಿಯಿಲ್ವಾ?"

"ಜ್ವರ. ಬರುತ್ತೆ, ಹೋಗುತ್ತೆ. ಇಲ್ಲಿ ಎಲ್ರಿಗೂ."

"ಬೀಡಿ ಸಿಗರೇಟು ಸೇದೋರು ಇದಾರಾ ಇಲ್ಲಿ?"

"ನಾನು ಇಲ್ಲ. ಆಚೆಯವರು ಇಬ್ರು ಸೇದ್ತಾರೆ. ಅವ್ರಿಗೇ ಜಾಸ್ತಿ."

"ಕೈಯಲ್ಲಿ ಈ ಪುಡಿ ಇಟ್ಕೊಂಡು ಸೇದಬಾರದು ಕಣಪ್ಪ. ಬೆಂಕಿಗೆ ತಾಗಿದ್ರೆ ಅದರ ಹೊಗೆ ಪುಪ್ಪುಸಕ್ಕೆ ವಿಷ. ಯಾರೂ ಹೇಳಿಲ್ವಾ ನಿಮಗೆ?"

ಜಸ್ವಿಂದರ್ ಅವಳನ್ನು ಮೇಲಿಂದ ಕೆಳಗೆ ನೋಡಿದ. "ನೀವು ಸರ್ಕಾರದವರಾ?"

"ಅಲ್ಲ. ನಾನು ಪ್ಲೆಬಾನಿ ಕಾರ್ಖಾನೆಯವಳು."

ಅವನ ಮುಖ ಸಡಿಲಾಯಿತು. "ಓ, ಪ್ಲೆಬಾನಿ! ನಿಮ್ಮ ಮಾಲು ಹೋಯ್ತಲ್ಲ ಸಿನ್ಯೋರಾ. ಬೇಸಿಗೇಲಿ ಒಂದ್ಸಲ, ಈಗ ಮತ್ತೆ. ಚೀಲ ಒಡೆದಿತ್ತಾ? ನಾನೇ ಹೊಲಿದಿದ್ದು."

 ಬೇಸಿಗೆಯಲ್ಲಿ ಎಂದರೆ ಆ ಹಕ್ಕಿಯೂಟಕ್ಕೆ ಎಷ್ಟೋ ಮೊದಲು. ತನ್ನನ್ನು ಕೇಳಿದ್ದು, ಮಾದರಿ ಕೊಟ್ಟದ್ದು, ಬೇಡ ಎಂದಾಗ ತಲೆಯಾಡಿಸಿದ್ದು ಎಲ್ಲವೂ ನಾಟಕ. ಅವಳ ಒಪ್ಪಿಗೆಯ ಮುದ್ರೆಯೊಂದು ಮೇಲೆ ಬಿದ್ದಿರಲಿ ಎಂಬಷ್ಟಕ್ಕೇ. ಹೊರಗೆ ಬಂದು ಕಾರಿನ ಪಕ್ಕ ಬಗ್ಗಿ ವಾಂತಿ ಮಾಡಿಕೊಂಡಳು. ಬೆಳಗಿನ ಕಾಫಿಯ ಹೊರತು ಹೊಟ್ಟೆಯಲ್ಲಿ ಏನೂ ಇರಲಿಲ್ಲ. 

ಫೆರ್ಮೊ ಕಾರ್ಖಾನೆಯಲ್ಲೇ ಇದ್ದ. ಪ್ರೆಸ್ಸುಗಳ ಸದ್ದಿನ ನಡುವೆ ಅವಳು ಅವನ ಎದುರು ನಿಂತಳು.

"ಬೇಸಿಗೆಯಿಂದ ಬೆರೆಸ್ತಿದೀಯ?"

ಅವನು ಸುಳ್ಳು ಹೇಳುವ ಗೋಜಿಗೂ ಹೋಗಲಿಲ್ಲ. "ಸ್ವಲ್ಪ. ಉಪ್ಪಿನಕಾಯಿ ಹಾಗೆ, ಪಕ್ಕಕ್ಕೆ ಅಷ್ಟೇ."

"ಮಕ್ಕಳ ಹಾಲಿನ ಉಂಗುರಕ್ಕೆ?"

"ಓರ್ನೆಲ್ಲಾ, ನೀನೇ ಹೇಳು. ಅಷ್ಟು ಉರೀಲಿ ಬೆಂದ ಮೇಲೆ ಯಾವ ರೋಗಾಣು ಬದುಕುತ್ತೆ?"

"ರೋಗಾಣು ಸಾಯುತ್ತೆ. ಸೀಸ ಸಾಯುತ್ತಾ? ಸಾಯೋಕೆ ಅದಕ್ಕೆ ಜೀವ ಇದೆಯಾ? ವಿಷದ ಕೊಳವೇಲಿ ಕೂತಿದ್ದ ಮಾಲು ಫೆರ್ಮೊ, ನಾನು ಕಣ್ಣಾರೆ ನೋಡ್ಬಂದೆ. ಇಲಿ ಹಿಕ್ಕೆ ಕೂಡ ಸೇರಿಸಿ ಅರೀತಾರೆ."

"ನೋಡೋಕೆ ಯಾಕೆ ಹೋದೆ? ಸಾಸೇಜ್ ಮಾಡೋ ಜಾಗ ನೋಡಿದ್ರೆ ಅದನ್ನೂ ತಿನ್ನಲ್ಲ ನೀನು." ಅವನು ದನಿ ತಗ್ಗಿಸಿ ಅವಳ ಭುಜದ ಮೇಲೆ ಕೈಯಿಟ್ಟ. "ಪುಡಿ ಇಲ್ಲ ಅಂತ ಬಾಗಿಲು ಹಾಕ್ಲಾ? ಇಲ್ಲಿ ದುಡಿಯೋರ ಮನೆ ಮುಂದೆ ನೀನು ಹೋಗಿ ನಿಲ್ತೀಯಾ? ಗಂಡ ಹೋದಾಗ ನಿನ್ನ ಮನೆ ಮುಂದೆ ಯಾರು ಬಂದು ನಿಂತಿದ್ರು, ಸ್ವಲ್ಪ ನೆನಪು ಮಾಡ್ಕೋ."

ಅವಳು ಅವನ ಕೈಯನ್ನು ಭುಜದಿಂದ ಎತ್ತಿ ಕೆಳಗಿಟ್ಟಳು. ಹುಳ ಬಿದ್ದ ಹಣ್ಣನ್ನು ಎತ್ತಿಡುವ ಹಾಗೆ, ಎರಡೇ ಬೆರಳಿಂದ.

ಆದರೂ ಅವಳು ತಕ್ಷಣ ಹೊರಗಿನವರ ಹತ್ತಿರ ಹೋಗಲಿಲ್ಲ. ಅಕ್ಕ ಇದ್ದಾಳಲ್ಲ ಎಂದುಕೊಂಡಳು. ಫ್ಲಾವಿಯಾ ಬಾಯಿ ಬಿಟ್ಟರೆ ಫೆರ್ಮೊ ಬಾಲ ಮುದುರುತ್ತಾನೆ, ಅದು ಊರಿಗೆಲ್ಲ ಗೊತ್ತಿದ್ದದ್ದೇ. ಅಕ್ಕನ ಅಡಿಗೆಮನೆಗೆ ಹೋದಾಗ ಫ್ಲಾವಿಯಾ ಮೊಮ್ಮಗನಿಗೆ ಹಾಲು ಕಾಯಿಸುತ್ತಿದ್ದಳು. ಎರಡು ವರ್ಷದ ಕೂಸು ಎತ್ತರದ ಕುರ್ಚಿಯಲ್ಲಿ ಕೂತು ಚಮಚದಿಂದ ಮರ ಬಡಿಯುತ್ತಿತ್ತು. ಓರ್ನೆಲ್ಲಾ ಶೆಡ್ಡು, ತೊಟ್ಟಿ, ಚೀಲ ಎಲ್ಲವನ್ನೂ ಹೇಳಿದಳು. ಫ್ಲಾವಿಯಾ ಹಾಲು ಉಕ್ಕದಂತೆ ಉರಿ ತಗ್ಗಿಸಿದಳು.

"ಗಂಡಸರ ವ್ಯವಹಾರ. ನಾವ್ಯಾಕೆ ತಲೆ ಹಾಕ್ಬೇಕು ಹೇಳು."

"ಅಕ್ಕಾ, ಮಕ್ಕಳು ಕುಡಿಯೋ ಹಾಲು ಅದು. ಈ ಕೂಸಿನ ಮುಖ ನೋಡಿಯಾದ್ರೂ ಹೇಳು ಅವನಿಗೆ."

"ಇವನಿಗೇನು?" ಫ್ಲಾವಿಯಾ ಆಶ್ಚರ್ಯದಿಂದಲೇ ತಿರುಗಿದಳು. "ಇವನಿಗೆ ಆ ಪೊಟ್ಟಣದ ಹಾಲು ಯಾರು ಕೊಡ್ತಾರೆ? ಬೇಸಿಗೇಲೇ ಫೆರ್ಮೊ ಬೇಡ ಅಂದುಬಿಟ್ರು. ಬೆಟ್ಟದ ಮೇಲಿನ ಕುರುಬನಿಂದ ಮೇಕೆ ಹಾಲು ತರಿಸ್ತೀವಿ. ನೋಡು, ಕೆನೆ ಎಷ್ಟು ಗಟ್ಟಿ!"

ಪಾತ್ರೆಯನ್ನು ಓರೆ ಮಾಡಿ ತೋರಿಸಿದಳು. ಮುಖದಲ್ಲಿ ನಾಚಿಕೆಯಿಲ್ಲ, ಭಯವಿಲ್ಲ. ಒಳ್ಳೆಯ ಹಾಲು ಸಿಕ್ಕಿದ ಅಜ್ಜಿಯ ಸಂತೋಷ ಅಷ್ಟೇ. ಓರ್ನೆಲ್ಲಾಳಿಗೆ ಶೆಡ್ಡಿನ ರಾಶಿಗಿಂತ ಇದು ಹೆಚ್ಚು ಹೇಸಿಗೆ ಎನಿಸಿತು. ಇದೇ ಅಕ್ಕ ಅವಳಿಗೆ ಜಡೆ ಹೆಣೆದವಳು, ಜ್ವರ ಬಂದಾಗ ತಲೆದೆಸೆಯಲ್ಲಿ ಕೂತವಳು. "ನಿಮ್ಮ ಮಗು ಮಗು, ಮಿಕ್ಕವರದ್ದು ಗುಜರಿಯಾ ಫ್ಲಾವಿಯಾ?" ಎಂದಳು. ಅಕ್ಕ ಎನ್ನಲು ಬಾಯಿ ಬರಲಿಲ್ಲ.

"ಸುಮ್ನೆ ಕೂತ್ಕೊ. ಕಾಫಿ ಮಾಡ್ತೀನಿ. ಎಲ್ಲಾನೂ ಮೈಮೇಲೆ ಹಾಕ್ಕೊಂಡು ಕೂರೋ ಚಾಳಿ ನಿನಗೆ ಚಿಕ್ಕಂದಿನಿಂದ."

ಕಾಫಿ ಕುಡಿಯದೆ ಬಂದಳು.

ಉಂಗುರ ಕೊಳ್ಳುತ್ತಿದ್ದದ್ದು ಪಾರ್ಮಾದ ಕಡೆಯ ಒಂದು ಯಂತ್ರದ ಕಂಪನಿ. ಅಲ್ಲಿ ಗುಣಮಟ್ಟ ನೋಡುತ್ತಿದ್ದವನು ಇಂಜಿನಿಯರ್ ಗಾಂಬಾರಾ. ತೆಳ್ಳನೆಯ, ಒಪ್ಪವಾದ ಮನುಷ್ಯ, ಎದುರು ಸಿಕ್ಕಾಗಲೆಲ್ಲ ಎದ್ದು ನಿಂತು ಕುರ್ಚಿ ಎಳೆದುಕೊಡುವವನು. ಓರ್ನೆಲ್ಲಾ ಚುಕ್ಕೆಯಿದ್ದ ಉಂಗುರವನ್ನು ಅವನ ಮೇಜಿನ ಮೇಲಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಉಂಗುರವನ್ನು ಬೆಳಕಿಗೆ ಹಿಡಿದ. ಮುಖ ಬಿಳಿಚಿತು. ಎದ್ದು ಬಾಗಿಲು ಹಾಕಿ ಬಂದ.

"ಬೇರೆ ಯಾರಿಗಾದ್ರೂ ಹೇಳಿದೀರಾ ಸಿನ್ಯೋರಾ?"

"ಇಲ್ಲ."

"ಒಳ್ಳೇದು. ಹೇಳ್ಬೇಡಿ." ಅವನ ಉಸಿರು ತಹಬಂದಿಗೆ ಬಂತು. "ಎಲ್ಲಾ ಯಂತ್ರಕ್ಕೂ ಹೊಸ ಉಂಗುರ ಹಾಕಿಸ್ತೀವಿ. ವರ್ಷಾವರ್ಷದ ರಿಪೇರಿ ಅಂದ್ರಾಯ್ತು. ಯಾರಿಗೂ ತೊಂದ್ರೆ ಆಗಲ್ಲ."

"ಈಗಾಗ್ಲೇ ತುಂಬಿರೋ ಹಾಲು?"

ಗಾಂಬಾರಾ ಕಿಟಕಿಯಾಚೆ ನೋಡಿದ. "ಪ್ರಾಮಾಣಿಕವಾಗಿ ಹೇಳ್ಲಾ? ನೀವು ಈ ಬಾಗಿಲಿಗೆ ಬರದೇ ಇದ್ದಿದ್ರೆ ನಾನು ಇವತ್ತು ನೆಮ್ಮದಿಯಾಗಿ ಊಟ ಮಾಡ್ತಿದ್ದೆ."

"ನಾನು ಊಟ ಬಿಟ್ಟು ಎಷ್ಟೋ ದಿನ ಆಯ್ತು ಇಂಜಿನಿಯರ್. ನೀವೂ ಒಂದು ಹೊತ್ತು ಬಿಡಿ, ಸಾಯಲ್ಲ" ಎಂದು ಓರ್ನೆಲ್ಲಾ ಉಂಗುರವನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು.

ಅಲ್ಲಿಂದ ನೆಟ್ಟಗೆ ಜಿಲ್ಲೆಯ ಆರೋಗ್ಯ ಇಲಾಖೆಗೆ ಹೋದಳು. ಅಲ್ಲಿದ್ದ ಅಧಿಕಾರಿಣಿ ಹೆಚ್ಚು ಮಾತಿನವಳಲ್ಲ. ಕೇಳಿಸಿಕೊಂಡಳು, ಉಂಗುರ ತೆಗೆದುಕೊಂಡಳು, ಕೋಟು ಹಾಕಿಕೊಂಡಳು. ಆ ವಾರದಲ್ಲೇ ಶೆಡ್ಡಿಗೆ ಬೀಗ ಬಿತ್ತು, ಫೆರ್ಮೊನ ಗೋದಾಮಿಗೂ ಬಿತ್ತು. ಅಂಗಡಿಗಳಿಂದ ಹಾಲು ವಾಪಸು ಬಂತು. ಪ್ರಯೋಗಾಲಯದವರಿಗೆ ಉಂಗುರಗಳಲ್ಲಿ ಸೀಸ ಸಿಕ್ಕಿತು, ಬೇರೆ ಕೊಳಕೂ ಸಿಕ್ಕಿತು. ಪರೀಕ್ಷೆ ಮಾಡಿದ ಹಾಲಿನಲ್ಲಿ ಮಾತ್ರ ಏನೂ ಸಿಗಲಿಲ್ಲ.

ಅಷ್ಟು ಸಾಕಾಯಿತು ಫೆರ್ಮೊನಿಗೆ. ಬಾರಿನಲ್ಲಿ ಬಿಳಿ ವೈನಿನ ಲೋಟ ಹಿಡಿದು ನಿಂತು ಸಿಕ್ಕವರಿಗೆಲ್ಲ ಹೇಳಿದ: "ಹಾಲಲ್ಲಿ ಏನಾದ್ರೂ ಇತ್ತಾ? ಸೊನ್ನೆ! ಅನ್ನ ಹಾಕಿದ ಮನೆಗೆ ಕನ್ನ ಹಾಕಿದ್ಲು ನೋಡಿ." ಕಾರ್ಖಾನೆ ಅರ್ಧಕ್ಕೆ ಇಳಿಯಿತು. ಕೆಲಸ ಹೋದವರ ಹೆಂಡಂದಿರು ಚರ್ಚಿನಲ್ಲಿ ಓರ್ನೆಲ್ಲಾಳ ಬೆಂಚು ಬಿಟ್ಟು ಹಿಂದಿನ ಬೆಂಚಿಗೆ ಹೋಗಿ ಕೂತರು. ಅವರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಜಿಲಿಯೋಲಿ ದಂಡ ಕಟ್ಟಿ, ಬೇರೆ ಹೆಸರಲ್ಲಿ ಬೇರೆ ಗುಜರಿಗೆ ಕೈಹಾಕಿದ ಎಂದು ಸುದ್ದಿ. ಜಸ್ವಿಂದರ್ ಏನಾದ ಎಂದು ಅವಳು ಹೋಗಿ ವಿಚಾರಿಸಿದಳು. ಪಕ್ಕದ ಹಂದಿ ಫಾರಮ್ಮಿಗೆ ಸೇರಿದ್ದಾನೆ, ಜ್ವರ ನಿಂತಿದೆ, ಆದರೆ ನಿಮ್ಮನ್ನು ನೋಡಲು ಅವನಿಗೆ ಇಷ್ಟವಿಲ್ಲ ಎಂದರು. ಆ ಒಂದು ಮಾತು ಮಾತ್ರ ಅವಳನ್ನು ಬಹಳ ದಿನ ಕಾಡಿತು.

ಫ್ಲಾವಿಯಾ ಒಮ್ಮೆ ಫೋನ್ ಮಾಡಿದಳು. "ಅಮ್ಮನ ಸಮಾಧಿಗೆ ನಾನು ಬೆಳಿಗ್ಗೆ ಹೋಗ್ತೀನಿ. ನೀನು ಮಧ್ಯಾಹ್ನ ಹೋಗು" ಎಂದು ಹೇಳಿ ಇಟ್ಟಳು.

ಚಳಿಗಾಲ ಕಳೆಯುವ ಹೊತ್ತಿಗೆ ಸರೋವರದಾಚೆಯ ಬತ್ತಿಸ್ತಾ ವೆಜ್ಜೋಲಿ ಎಂಬ ಮುದುಕ ಅವಳನ್ನು ಕರೆಸಿದ. ಅವನದೂ ಸೀಲುಗಳ ಕಾರ್ಖಾನೆ, ಫೆರ್ಮೊನದಕ್ಕಿಂತ ಸಣ್ಣದು. "ನಿನ್ನ ನಾಲಿಗೆಗೆ ಹೆದರಿಕೆ ಇಲ್ಲ ಅಂತ ಕೇಳಿದೆ. ನನ್ನ ಹತ್ರ ಮುಚ್ಚಿಡೋಕೆ ಏನೂ ಇಲ್ಲ. ಇದ್ದಿದ್ರೆ ನಿನ್ನ ಕರೀತಿರಲಿಲ್ಲ" ಎಂದ. ಅವಳಿಗೆ ಎಷ್ಟೋ ತಿಂಗಳ ಮೇಲೆ ನಗು ಬಂತು. ಪಾರ್ಮಾದವರ ಹಾಲಿನ ಉಂಗುರದ ಕೆಲಸ ಈಗ ವೆಜ್ಜೋಲಿಯ ಪಾಲಿಗೆ ಬಂದಿತ್ತು. ಅಪ್ಪಟ ರೆಸಿನ್ ಬೇಕಿತ್ತು. ಕೊನೆಗೊಬ್ಬ ತಯಾರಕ ಕೊಡಲು ಒಪ್ಪಿದ. ಓರ್ನೆಲ್ಲಾ ತನ್ನ ಪಟ್ಟು ಬಿಡಲಿಲ್ಲ. ಎಲ್ಲಿ ತಯಾರಾಗುತ್ತದೆ, ನೋಡಿಯೇ ಕೊಳ್ಳುತ್ತೇನೆ ಎಂದಳು. ಅವರು ಸಂತೋಷದಿಂದಲೇ ಬನ್ನಿ ಎಂದರು.

ಅದು ಇನ್ನೊಂದು ಸೀಮೆಯಲ್ಲಿ, ನದಿಯೊಂದರ ಪಕ್ಕದಲ್ಲಿತ್ತು. ಎಲ್ಲಿ ನೋಡಿದರೂ ಥಳಥಳಿಸುವ ಉಕ್ಕು, ಗಾಜು, ಬಿಳಿ ಅಂಗಿಯವರು. ಪುಡಿಯನ್ನು ಕೈಯಲ್ಲಿ ಹಿಡಿದಳು, ಮೂಸಿದಳು, ನಾತವಿಲ್ಲ. ಅಲ್ಲೇ ಒಂದು ಉಂಗುರ ಬೇಯಿಸಿ ಕೊಟ್ಟರು. ಬೆಳಕಿಗೆ ಹಿಡಿದಳು, ಒಂದು ಚುಕ್ಕೆಯಿಲ್ಲ. ಅವಳ ಎದೆ ಹಗುರಾಯಿತು. ಮಾರಾಟದ ಯುವಕ ಅವಳನ್ನು ಊಟಕ್ಕೆ ಅವರ ಕ್ಯಾಂಟೀನಿಗೆ ಕರೆದೊಯ್ದ. ಅಲ್ಲಿ ಅವಳು ಲೋಟ ಹಿಡಿದು ನಲ್ಲಿಯ ಕಡೆ ಹೋದಾಗ ಅವನು ನಗುತ್ತ ಅಡ್ಡ ಬಂದ.

"ಬೇಡ ಬೇಡ ಸಿನ್ಯೋರಾ. ಇಲ್ಲಿ ನಲ್ಲಿ ನೀರು ಯಾರೂ ಕುಡಿಯಲ್ಲ. ಬಾಟಲಿ ಇದೆಯಲ್ಲ."

"ಯಾಕೆ, ಏನಾಗಿದೆ?"

"ಹಳೇ ಕಥೆ ಬಿಡಿ. ಮುಂಚೆ ಒಂದು ರಾಸಾಯನಿಕ ಬಳಸ್ತಿದ್ರು, ಅದು ನೆಲಕ್ಕಿಳಿದಿದೆ. ಈಗ ಬಳಸಲ್ಲ. ಬೇರೆ ಬಳಸ್ತೀವಿ."

"ಆ ಬೇರೆದು ನೆಲಕ್ಕಿಳಿಯಲ್ವಾ?"

ಯುವಕನ ನಗು ಮಾತ್ರ ಹಾಗೇ ಇತ್ತು. "ಅದನ್ನ ಇನ್ನೂ ನೋಡ್ತಿದಾರೆ."

"ಊರಿನವರು?"

"ಅವ್ರಿಗೂ ಟ್ಯಾಂಕರಲ್ಲಿ ನೀರು ಕೊಡ್ತೀವಿ. ತೋಟದ ತರಕಾರಿ, ಕೋಳಿ ಮೊಟ್ಟೆ ತಿನ್ಬೇಡಿ ಅಂತ ಹೇಳಿದೀವಿ. ಕೆಲವರು ಕೇಳಲ್ಲ."

ಓರ್ನೆಲ್ಲಾ ಲೋಟವನ್ನು ಬೋರಲು ಹಾಕಿದಳು. ತಟ್ಟೆಯಲ್ಲಿದ್ದ ಸೊಪ್ಪು ಎಲ್ಲಿ ಬೆಳೆದದ್ದೋ ಎಂದು ನೋಡಿದಳು, ಕೇಳಲಿಲ್ಲ. ಗುಜರಿಯವನು ಕೊಳಕನ್ನು ಉಂಗುರದೊಳಗೆ ತುಂಬಿಸಿ ಮಾರುತ್ತಿದ್ದ. ಇವರು ಉಂಗುರವನ್ನು ಮಡಿಯಾಗಿ ಕೊಟ್ಟು ಕೊಳಕನ್ನು ಊರಿನ ಬಾವಿಗೆ ಬಿಟ್ಟಿದ್ದಾರೆ. ತನ್ನ ಅಕ್ಕ ಮೇಕೆ ಹಾಲು ತರಿಸಿದ ಹಾಗೆ ಇವರು ಬಾಟಲಿ ನೀರು ತರಿಸುತ್ತಾರೆ. ಬಾಯಲ್ಲಿ ಉಗುಳು ತುಂಬಿ ಬಂತು. ನುಂಗಿದಳು.

ಹಿಂತಿರುಗುವ ಮೊದಲು ಆ ಊರಿನ ಬೀದಿಯಲ್ಲಿ ಒಂದು ಸುತ್ತು ನಡೆದಳು. ಒಬ್ಬ ಹೆಂಗಸು ಗೇಟಿನ ಬಳಿ ಟೊಮೇಟೊ ಗಿಡಕ್ಕೆ ಕೋಲು ಕಟ್ಟುತ್ತಿದ್ದಳು.

"ತಿನ್ನಬಾರದಂತೆ ಅಲ್ವಾ ಇದನ್ನ?" ಎಂದಳು ಓರ್ನೆಲ್ಲಾ.

"ತಿನ್ನಲ್ಲ. ನೋಡೋಕೆ ಬೆಳೆಸ್ತೀನಿ" ಎಂದಳು ಹೆಂಗಸು, ಗಂಟು ಬಿಗಿಯುತ್ತ. "ಮಣ್ಣು ಬಿಟ್ಟು ಇರೋಕೆ ಆಗಲ್ಲ ನನಗೆ. ನೀವು ಕಾರ್ಖಾನೆಯವರಾ?"

"ಅವರಿಂದ ಕೊಳ್ಳೋಕೆ ಬಂದವಳು."

ಹೆಂಗಸು ಅವಳ ಮುಖ ನೋಡಿದಳು. ಬೈಯಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ವೆಜ್ಜೋಲಿ ಕೇಳಿದ: "ಹೇಗಿದೆ ಮಾಲು?"

"ಮಾಲು ಚೆನ್ನಾಗಿದೆ. ಹಾಲಿನ ಉಂಗುರಕ್ಕೆ ಅದೇ ಬೇಕು, ಬೇರೆ ದಾರಿ ಇಲ್ಲ" ಎಂದಳು ಓರ್ನೆಲ್ಲಾ. ಆಮೇಲೆ ಕಪಾಟಿನಿಂದ ಅವರ ಕಾರ್ಖಾನೆಯ ಸೀಲುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಹರಡಿದಳು. "ಇದು ತೋಟದ ಪಂಪಿನದು. ಇದಕ್ಕೆ ರಬ್ಬರ್ ಸಾಕು. ಇದು ಜಾರುಬಾಗಿಲ ಚಕ್ರದ್ದು. ಇದಕ್ಕೆ ನೈಲಾನ್ ಸಾಕು. ಇದಕ್ಕೆಲ್ಲ ಆ ಪುಡಿ ಯಾಕೆ ಹಾಕ್ತಿದೀವಿ?"

"ಗಿರಾಕಿ ಕೇಳ್ತಾನೆ. ಮೇಲಾದದ್ದು ಅಂತ."

"ಗಿರಾಕಿಗೆ ನಾನು ಹೇಳ್ತೀನಿ."

ಮುದುಕ ತಲೆ ಕೆರೆದುಕೊಂಡ. "ಕೆಲವರು ಬಿಟ್ಟುಹೋಗ್ತಾರೆ."

"ಹೋಗ್ತಾರೆ."

ಕೆಲವರು ಹೋದರು, ಕೆಲವರು ಉಳಿದರು. ಆ ವರ್ಷ ವೆಜ್ಜೋಲಿ ಕೊಂಡ ಬಿಳಿ ಪುಡಿ ಹಿಂದಿನ ವರ್ಷದ ಅರ್ಧಕ್ಕೆ ಇಳಿಯಿತು. ಅದರಿಂದ ಆ ನದಿಯಾಗಲಿ ಆ ಬಾವಿಗಳಾಗಲಿ ಶುದ್ಧವಾಗಲಿಲ್ಲ, ಓರ್ನೆಲ್ಲಾಳಿಗೆ ಆ ಭ್ರಮೆಯೂ ಇರಲಿಲ್ಲ. ಮಿಕ್ಕ ಅರ್ಧಕ್ಕೆ ಒಪ್ಪಿಗೆ ಕೊಡಬೇಕಾದಾಗಲೆಲ್ಲ ಅವಳ ಮುಖ ಸಿಂಡರಿಸುತ್ತಿತ್ತು. ಕೊಡುತ್ತಿದ್ದಳು. ಕೊಟ್ಟು ಎದ್ದುಹೋಗಿ ಕೈ ತೊಳೆದು ಬರುತ್ತಿದ್ದಳು. ಹೊಸಬರು ಅದನ್ನು ನೋಡಿ, ಈಯಮ್ಮನಿಗೆ ಮಡಿ ಜಾಸ್ತಿ ಎಂದು ಆಡಿಕೊಳ್ಳುತ್ತಿದ್ದರು.